ಡ್ರೈವರ್ ಒಂದರ ಹೆಡರ್ ಪಟ್ಟಿಯನ್ನು ಓರಣಗೊಳಿಸಲು ಹೋದಾಗ

ಹೊಸ ಒತ್ತಡ ಸಂವೇದಕವೊಂದಕ್ಕೆ ಬೆಂಬಲ ಸೇರಿಸುವ ಪ್ಯಾಚನ್ನು (ಕೋಡಿನ ಬದಲಾವಣೆಯನ್ನು) ಲಿನಕ್ಸ್ ಕರ್ನೆಲ್‌ನ ಇಂಡಸ್ಟ್ರಿಯಲ್ ಐ/ಒ ವಿಭಾಗಕ್ಕೆ, ಎಲ್ಲರೂ ಐಐಒ ಎಂದು ಕರೆಯುವ, ಸಂವೇದಕಗಳನ್ನು ನಡೆಸುವ ಡ್ರೈವರ್‌ಗಳಿರುವ ವಿಭಾಗಕ್ಕೆ, ಕಳಿಸಿದಾಗ ರಿವ್ಯೂ ಮಾಡಿದವರ ಮೊದಲ ಮಾತು ನನ್ನ ಕೋಡಿನ ಬಗ್ಗೆ ಇರಲೇ ಇಲ್ಲ. ಈ ಡ್ರೈವರ್‌ನ ಹೆಡರ್ ಪಟ್ಟಿಯನ್ನು, ಅಂದರೆ ಬೇರೆಡೆಯ ಘೋಷಣೆಗಳಿಗಾಗಿ ಕೋಡಿನ ತಲೆಯಲ್ಲಿ ಸೇರಿಸುವ .ಎಚ್ ಕಡತಗಳ ಪಟ್ಟಿಯನ್ನು, ವರ್ಷಗಳಿಂದ ಯಾರೂ ವಿಚಾರಿಸಿಲ್ಲ, ನೀವು ಹೇಗೂ ಅದೇ ಕಡತಗಳಿಗೆ ಕೈ ಹಾಕಿದ್ದೀರಿ, ಮೊದಲು ಅದನ್ನು ಓರಣಗೊಳಿಸುವ ಪ್ಯಾಚ್‌ಗಳನ್ನು ಬೇರೆಯಾಗಿ ಕೊಡಿ, ಹೊಸ ಚಿಪ್ಪಿನ ಬೆಂಬಲ ಅದರ ಮೇಲೆ ಬರಲಿ ಎಂಬುದು ಅವರ ಸೂಚನೆ. ಒಂದು ಸಂಜೆಯ ಕೆಲಸವೆಂದು ಕಂಡದ್ದು ಕರ್ನೆಲ್‌ನ ಒಂದು ಬಿಡುಗಡೆ ಚಕ್ರವನ್ನೇ ನುಂಗಿ ಹಾಕಿತು. ಇದೇ ಸೂಚನೆ ಬಂದು ತಲೆ ಕೆರೆದುಕೊಳ್ಳುತ್ತಿರುವವರಿಗೆ ಉಪಯೋಗವಾದೀತೆಂದು ಎಲ್ಲವನ್ನೂ ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಡ್ರೈವರ್‌ನ ರಚನೆ ಐಐಒದಲ್ಲಿ ಬಹಳ ಸಾಮಾನ್ಯವಾದದ್ದು. ಲೆಕ್ಕಾಚಾರವೆಲ್ಲ ಇರುವ ಒಂದು ಕೋರ್ ಕಡತ, ಚಿಪ್ಪನ್ನು ಪ್ರೊಸೆಸರ್‌ಗೆ ಜೋಡಿಸುವ ಐ2ಸಿ ಮತ್ತು ಎಸ್‌ಪಿಐ ಎಂಬ ಬಸ್ಸುಗಳಿಗೆ (ಸಂಪರ್ಕ ತಂತಿಗಳಿಗೆ) ಒಂದೊಂದು ಸಣ್ಣ ಕಡತ, ಬಫರ್ ಸೌಲಭ್ಯವನ್ನು (ಅಳತೆಗಳನ್ನು ಕೂಡಿಟ್ಟು ಒಟ್ಟಿಗೆ ಕೊಡುವುದನ್ನು) ಆಯ್ಕೆ ಮಾಡಿದಾಗ ಮಾತ್ರ ಕಂಪೈಲ್ ಆಗುವ ಇನ್ನೊಂದು ಕಡತ, ಇವೆಲ್ಲಕ್ಕೂ ಸಮಾನವಾದ ಒಂದು ಸ್ಥಳೀಯ ಹೆಡರ್. ಕೋರ್ ಕಡತದ ತಲೆಯಲ್ಲಿ ಕರ್ನೆಲ್.ಎಚ್, ಇನಿಟ್.ಎಚ್, ಸ್ಲ್ಯಾಬ್.ಎಚ್, ಆಫ್_ಡಿವೈಸ್.ಎಚ್ ಮುಂತಾದವು ಯಾವ ಅನುಕ್ರಮವೂ ಇಲ್ಲದೆ ಕುಳಿತಿದ್ದವು. ಸ್ಲ್ಯಾಬ್.ಎಚ್ ಇತ್ತು, ಆದರೆ ಅದರಲ್ಲಿನ ಒಂದು ಫಂಕ್ಷನ್ನನ್ನೂ ಡ್ರೈವರ್ ಕರೆಯುತ್ತಿರಲಿಲ್ಲ. ಇತ್ತ ಮ್ಯೂಟೆಕ್ಸ್ ಎಂಬ ಬೀಗವನ್ನು ಎಗ್ಗಿಲ್ಲದೆ ಬಳಸಿದ್ದರೂ ಮ್ಯೂಟೆಕ್ಸ್.ಎಚ್ ಪಟ್ಟಿಯಲ್ಲಿ ಇರಲಿಲ್ಲ. ಇನ್ಯಾವುದೋ ಹೆಡರ್ ಅದನ್ನು ಒಳಗಿಂದೊಳಗೆ ಎಳೆದು ತರುತ್ತಿತ್ತು. ಪಕ್ಕದ ಮನೆಯ ನಲ್ಲಿಯಿಂದ ನೀರು ಹಿಡಿದು ಸಂಸಾರ ನಡೆಸಿದ ಹಾಗೆ, ಅವರು ನಲ್ಲಿ ಮುಚ್ಚುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ.

ನಲ್ಲಿ ಮುಚ್ಚಿದ ಪ್ರಸಂಗಗಳು ಕರ್ನೆಲ್‌ನ ಇತಿಹಾಸದಲ್ಲಿ ಬೇಕಾದಷ್ಟಿವೆ. ಕೆಲಸಕ್ಕೆ ಕೈ ಹಾಕುವ ಮೊದಲು ಅವುಗಳ ಕಮಿಟ್ ಸಂದೇಶಗಳನ್ನು (ಪ್ರತಿ ಬದಲಾವಣೆಯ ಜೊತೆ ಬರೆಯುವ ವಿವರಣೆಗಳನ್ನು) ಓದಿದ್ದು ನನಗೆ ಬಹಳ ನೆರವಾಯಿತು. 2010ರಲ್ಲಿ ಪರ್‌ಸಿಪಿಯು.ಎಚ್ ಸ್ಲ್ಯಾಬ್.ಎಚ್ ಅನ್ನು ಎಳೆದು ತರುವುದನ್ನು ನಿಲ್ಲಿಸಬೇಕಾಗಿ ಬಂದಾಗ ಕರ್ನೆಲ್ ಡೆವಲಪರ್ ತೇಜುನ್ ಹಿಯೊ ಸ್ಕ್ರಿಪ್ಟ್ ಬರೆದು ಸಾವಿರಾರು ಕಡತಗಳನ್ನು ತಿದ್ದಬೇಕಾಯಿತು. 2015ರಲ್ಲಿ ಎಕ್ಸ್86 ಪ್ರೊಸೆಸರ್‌ಗಳ ಐಒ.ಎಚ್‌ನಿಂದ ವಿಮ್ಯಾಲಕ್.ಎಚ್ ಅನ್ನು ಬಿಡಿಸಿದಾಗ, ಅದನ್ನು ಸ್ವಂತವಾಗಿ ಸೇರಿಸಿಕೊಳ್ಳದ ಡ್ರೈವರ್‌ಗಳೆಲ್ಲ ಬಯಲಿಗೆ ಬಂದವು. 2022ರ ಜನವರಿಯಲ್ಲಿ ಇನ್ನೊಬ್ಬ ಡೆವಲಪರ್ ಇಂಗೊ ಮೊಲ್ನಾರ್ 2,200ಕ್ಕೂ ಹೆಚ್ಚು ಪ್ಯಾಚ್‌ಗಳ ಬೃಹತ್ ಸರಣಿಯನ್ನು ಮುಂದಿಟ್ಟು, ಹೆಡರ್‌ಗಳ ಸಿಕ್ಕು ಬಿಡಿಸಿದರೆ ಬಿಲ್ಡ್ (ಇಡೀ ಕರ್ನೆಲ್ಲನ್ನು ಕಂಪೈಲ್ ಮಾಡುವುದು) ಶೇ. 50ರಿಂದ 80ರಷ್ಟು ಚುರುಕಾಗುತ್ತದೆ ಎಂದು ತೋರಿಸಿದರು. ಆ ಸರಣಿ ಇಡಿಯಾಗಿ ಮುಖ್ಯ ಕರ್ನೆಲ್‌ಗೆ ಸೇರಲಿಲ್ಲ. ಆದರೆ ಎಲ್ಲರೂ ಕಣ್ಣು ಮುಚ್ಚಿ ಸೇರಿಸುತ್ತಿದ್ದ ಕರ್ನೆಲ್.ಎಚ್ ಎಂಬ ಗಂಟು ಮಾತ್ರ ನಿಧಾನವಾಗಿ ಬಿಚ್ಚಿಕೊಳ್ಳುತ್ತಲೇ ಇದೆ: ಮಿನ್‌ಮ್ಯಾಕ್ಸ್.ಎಚ್, ಕಂಟೇನರ್_ಆಫ್.ಎಚ್, ಅರೇ_ಸೈಜ್.ಎಚ್ ಎಲ್ಲವೂ ಅದರ ಹೊಟ್ಟೆಯಿಂದಲೇ ಹೊರಬಂದು ಬೇರೆ ಸಂಸಾರ ಹೂಡಿದವು. ಹೀಗಾಗಿ ಇಂದು ಕರ್ನೆಲ್.ಎಚ್ ಒಂದನ್ನೇ ನೆಚ್ಚಿಕೊಂಡ ಡ್ರೈವರ್ ನಾಳೆ ಕಂಪೈಲ್ ಆಗುತ್ತದೆಂಬ ಭರವಸೆ ಇಲ್ಲ. ರಿವ್ಯೂ ಮಾಡುವವರು ಈ ವಿಷಯದಲ್ಲಿ ಏಕೆ ಅಷ್ಟು ಹಟ ಹಿಡಿಯುತ್ತಾರೆ ಎಂಬುದು ಇದನ್ನೆಲ್ಲ ಓದಿದ ಮೇಲೆ ಅರ್ಥವಾಗುತ್ತದೆ; ಅಲ್ಲಿಯವರೆಗೆ ಅದು ಬರೀ ಮಡಿವಂತಿಕೆಯಂತೆ ಕಾಣುತ್ತದೆ.

ಮೊದಲ ಅಡ್ಡಿ ಬಂದದ್ದು ಕರ್ನೆಲ್‌ನಿಂದಲ್ಲ, ಕಚೇರಿಯಿಂದ. ನಾನು ಕೆಲಸ ಮಾಡುವ ಬೆಂಗಳೂರಿನ ಕಂಪನಿಯಲ್ಲಿ ಹೊರಗಿನ ಯೋಜನೆಗೆ ಒಂದು ಸಾಲು ಕೋಡ್ ಹೋಗಬೇಕಾದರೂ ಕಾನೂನು ವಿಭಾಗದ ಒಪ್ಪಿಗೆ ಬೇಕು. ಹೊಸ ಸಂವೇದಕದ ಪ್ಯಾಚ್‌ಗೆ ಒಪ್ಪಿಗೆ ಸಿಕ್ಕಿತ್ತು. ಹೆಡರ್‌ಗಳ ಕೆಲಸ ಅದರ ವ್ಯಾಪ್ತಿಯಲ್ಲಿ ಬರುವುದಿಲ್ಲವೆಂದು ಮತ್ತೊಂದು ಅರ್ಜಿ ತುಂಬಿಸಿದರು. ಇದರಿಂದ ಕಂಪನಿಯ ಯಾವ ಬೌದ್ಧಿಕ ಸ್ವತ್ತು ಹೊರಹೋಗುತ್ತದೆ ಎಂಬ ಅಂಕಣದಲ್ಲಿ ಏನು ಬರೆಯಬೇಕೆಂದು ತೋಚದೆ ಮ್ಯಾನೇಜರ್ ಬಳಿ ಹೋದೆ. ಅವರು ಪರದೆ ನೋಡಿ, “ಇರೋ ಸಾಲು ತೆಗೆಯೋಕೂ ಪರ್ಮಿಷನ್ ಕೇಳ್ತಾರೇನ್ರೀ? ‘ಯಾವುದೂ ಇಲ್ಲ’ ಅಂತ ಬರೆದು ಕಳಿಸಿ, ನಾನು ಅಪ್ರೂವ್ ಮಾಡ್ತೀನಿ” ಎಂದರು. ಅವರು ಅಪ್ರೂವ್ ಮಾಡಿದರೂ ಕಾನೂನು ವಿಭಾಗದ ಸಹಿಗೆ ಕಾಯಬೇಕಾಯಿತು. ನೀವು ಮೊದಲ ಅರ್ಜಿಯನ್ನೇ “ಈ ಡ್ರೈವರ್ ಮತ್ತು ಅದಕ್ಕೆ ಸಂಬಂಧಿಸಿದ ಎಲ್ಲ ಬದಲಾವಣೆಗಳು” ಎಂದು ವಿಶಾಲವಾಗಿ ಬರೆದರೆ ಈ ಎರಡನೇ ಸುತ್ತು ತಪ್ಪುತ್ತದೆ. ಪ್ಯಾಚ್‌ನ ಕೊನೆಯಲ್ಲಿ ಹಾಕುವ ಸೈನ್ಡ್-ಆಫ್-ಬೈ ಸಾಲು ಶೋಭೆಗೆಂದು ಇರುವುದಲ್ಲ. ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ ಅದು. ಒಪ್ಪಿಗೆ ಕೈಗೆ ಬರುವ ಮೊದಲು ಅದನ್ನು ಬರೆಯಬಾರದು.

ಕಾಯುವ ಹೊತ್ತಿನಲ್ಲಿ ಡ್ರೈವರ್ ನಿಜವಾಗಿ ಏನೇನನ್ನು ಬಳಸುತ್ತದೆ ಎಂಬ ಪಟ್ಟಿ ಮಾಡಿದೆ. ಕರ್ನೆಲ್ ದಸ್ತಾವೇಜಿನಲ್ಲಿರುವ ಪ್ಯಾಚ್ ಸಲ್ಲಿಕೆಯ ತಪಾಸಣಾ ಪಟ್ಟಿಯ ಮೊಟ್ಟಮೊದಲ ನಿಯಮವೇ ಇದು: ಯಾವ ಸೌಲಭ್ಯವನ್ನು ಬಳಸುತ್ತೀರೋ ಅದನ್ನು ಘೋಷಿಸುವ ಹೆಡರನ್ನು ನೀವೇ ಸೇರಿಸಿ, ಬೇರೆ ಹೆಡರ್ ತಂದುಕೊಡುತ್ತದೆಂದು ನಂಬಿ ಕೂರಬೇಡಿ. ಕೇಳಲು ಸರಳ. ಆದರೆ ಕಡತವೊಂದರ ಸಾಲುಗಳನ್ನು ಒಂದೊಂದಾಗಿ ಓದುತ್ತಾ, ಬಿಟ್() ಬಂದರೆ ಬಿಟ್ಸ್.ಎಚ್, ಫೀಲ್ಡ್_ಪ್ರೆಪ್() ಬಂದರೆ ಬಿಟ್‌ಫೀಲ್ಡ್.ಎಚ್, ಯು8 ಬಂದರೆ ಟೈಪ್ಸ್.ಎಚ್, ಈಸ್_ಇಆರ್‌ಆರ್() ಬಂದರೆ ಇಆರ್‌ಆರ್.ಎಚ್ ಎಂದು ಗುರುತು ಹಾಕುತ್ತಾ ಹೋಗುವುದು ಬೇಸರ ತರಿಸುವ ಕೆಲಸ. ಯಾವ ಹೆಡರ್ ಎಲ್ಲಿಂದ ಒಳಬರುತ್ತಿದೆ ಎಂದು ತಿಳಿಯಲು ಬಿಲ್ಡ್ ಮಾಡಿಸುವ ಮೇಕ್ ಆದೇಶಕ್ಕೆ ಕಡತದ ಹೆಸರನ್ನು .ಐ ಎಂಬ ಬಾಲದೊಂದಿಗೆ ಕೊಟ್ಟರೆ ಸಾಕು. ಹೆಡರ್‌ಗಳನ್ನೆಲ್ಲ ಒಳಗೆ ಬಿಡಿಸಿ ಹಾಕುವ ಪ್ರೀಪ್ರೊಸೆಸರ್ ಹಂತ ಮುಗಿದ ನಂತರದ ಪೂರ್ತಿ ಪಠ್ಯ ಸಿಗುತ್ತದೆ. ನನ್ನ ಡ್ರೈವರ್‌ನ ಕೆಲವೇ ನೂರು ಸಾಲುಗಳು ಹತ್ತಾರು ಸಾವಿರ ಸಾಲುಗಳ ಬುಡದಲ್ಲೆಲ್ಲೋ ಬಿದ್ದಿದ್ದವು. ಅದನ್ನು ಕಂಡಾಗ ಈ ಕೆಲಸದ ಮೇಲಿದ್ದ ನನ್ನ ಸಿಡುಕು ಅರ್ಧ ಇಳಿಯಿತು. ಬರೀ ಹೆಸರುಗಳ ಪಟ್ಟಿ ಸಾಕೆನ್ನುವವರು ಕಂಪೈಲ್ ಆಗಿ ಬಂದ ಆಬ್ಜೆಕ್ಟ್ ಕಡತದ ಪಕ್ಕದಲ್ಲೇ ಚುಕ್ಕಿಯಿಂದ ಆರಂಭವಾಗುವ .ಸಿಎಂಡಿ ಕಡತವನ್ನು ತೆರೆದು ನೋಡಬಹುದು.

ಇನ್‌ಕ್ಲೂಡ್-ವಾಟ್-ಯು-ಯೂಸ್ ಎಂಬ ಉಪಕರಣವನ್ನೂ ಓಡಿಸಿದೆ. ಅದು ಕ್ಲ್ಯಾಂಗ್ ಕಂಪೈಲರ್ ಆಧಾರಿತವಾದ್ದರಿಂದ ಕರ್ನೆಲ್ಲನ್ನು ಅದೇ ಕುಟುಂಬದ ಎಲ್‌ಎಲ್‌ವಿಎಂ ಉಪಕರಣಗಳಲ್ಲಿ ಬಿಲ್ಡ್ ಮಾಡಿ, ಕಂಪೈಲ್ ಆದೇಶಗಳ ಜೇಸನ್ ಕಡತವನ್ನು ತಯಾರಿಸಿಕೊಳ್ಳಬೇಕು. ಸುಳಿವು ಪಡೆಯಲು ಅದು ಒಳ್ಳೆಯದು, ಹೇಳಿದ್ದನ್ನೆಲ್ಲ ಪಾಲಿಸಲು ಅಲ್ಲ. ಯು8ರ ವ್ಯಾಖ್ಯಾನ ನಿಜವಾಗಿ ಇರುವುದು ಎಎಸ್‌ಎಂ-ಜೆನೆರಿಕ್ ಕೋಶದ (ಫೋಲ್ಡರಿನ) ಕಡತವೊಂದರಲ್ಲಿ ಎಂದು ಕಂಡುಹಿಡಿದು ಅದನ್ನೇ ಸೇರಿಸಿ ಎನ್ನುತ್ತದೆ. ದೋಷಸಂಖ್ಯೆಗಳಿಗೂ ಅದೇ ಕಥೆ. ಡ್ರೈವರ್‌ನಲ್ಲಿ ಹಾಗೆ ಬರೆದರೆ ರಿವ್ಯೂನಲ್ಲಿ ಉಗಿಸಿಕೊಳ್ಳುವುದು ಖಚಿತ. ಲಿನಕ್ಸ್ ಕೋಶದಲ್ಲಿ ಸಾರ್ವಜನಿಕ ಹೆಡರ್ ಇರುವಾಗ ಆರ್ಕಿಟೆಕ್ಚರ್‌ನ (ಪ್ರೊಸೆಸರ್ ಬಗೆಯ) ಒಳಗಿನ ಹೆಡರನ್ನು ಮುಟ್ಟಬಾರದು. 2024ರ ಅಕ್ಟೋಬರಿನಲ್ಲಿ ಅನ್‌ಅಲೈನ್ಡ್.ಎಚ್ ಕೂಡ ಎಎಸ್‌ಎಂ ಕೋಶದಿಂದ ಲಿನಕ್ಸ್ ಕೋಶಕ್ಕೆ ಸ್ಥಳಾಂತರವಾದದ್ದರಿಂದ, ನನ್ನ ಡ್ರೈವರ್‌ನಲ್ಲಿ ಆ ಒಂದು ಸಾಲು ಮಾತ್ರ ಆಗಲೇ ಸರಿಯಾಗಿತ್ತು.

ಆಫ್_ಡಿವೈಸ್.ಎಚ್‌ನದು ಬೇರೆಯೇ ಪುರಾಣ. ಅದೂ ಆಫ್_ಪ್ಲಾಟ್‌ಫಾರ್ಮ್.ಎಚ್ ಕೂಡ ಒಂದನ್ನೊಂದು “ತಾತ್ಕಾಲಿಕವಾಗಿ” ಸೇರಿಸಿಕೊಂಡು ಹದಿಮೂರು ವರ್ಷ ಕಳೆದಿದ್ದವು. 2023ರಲ್ಲಿ ಕರ್ನೆಲ್ ಡೆವಲಪರ್ ರಾಬ್ ಹೆರಿಂಗ್ ಹಲವು ವಿಭಾಗಗಳಿಗೆ ಪ್ಯಾಚ್ ಕಳಿಸಿ ಆ ನಂಟನ್ನು ಬಿಡಿಸಲು ದಾರಿ ಮಾಡಿದರು. ನನ್ನ ಡ್ರೈವರ್‌ಗೆ ಬೇಕಿದ್ದದ್ದು ಯಾವ ಚಿಪ್ಪುಗಳಿಗೆ ಡ್ರೈವರ್ ಹೊಂದುತ್ತದೆ ಎಂಬ ಕೋಷ್ಟಕದ ಸ್ಟ್ರಕ್ಟ್ (ದತ್ತಾಂಶದ ಚೌಕಟ್ಟು) ಒಂದೇ, ಅದು ಇರುವುದು ಮಾಡ್_ಡಿವೈಸ್‌ಟೇಬಲ್.ಎಚ್‌ನಲ್ಲಿ. ಹೊಂದಾಣಿಕೆಯ ಮಾಹಿತಿ ಪಡೆಯುವ ಕರೆಯನ್ನು ಪ್ರಾಪರ್ಟಿ.ಎಚ್‌ನ ಸಾಮಾನ್ಯ ರೂಪಕ್ಕೆ ಬದಲಾಯಿಸಿದೊಡನೆ ಡಿವೈಸ್ ಟ್ರೀಗೆ (ಬೋರ್ಡಿನ ಯಂತ್ರಾಂಶದ ವಿವರಪಟ್ಟಿಗೆ) ಅಂಟಿಕೊಂಡ ಹೆಡರ್‌ಗಳೆಲ್ಲ ತಾವಾಗಿ ಕಳಚಿಕೊಂಡವು. ಇಲ್ಲೊಂದು ಸೂಕ್ಷ್ಮವಿದೆ. ಕರೆಯನ್ನು ಬದಲಾಯಿಸುವುದು ನಡವಳಿಕೆಯ ಬದಲಾವಣೆ, ಹೆಡರ್ ತೆಗೆಯುವುದು ಅಲ್ಲ. ಎರಡನ್ನೂ ಒಂದೇ ಪ್ಯಾಚಿನಲ್ಲಿ ಕಟ್ಟಬೇಡಿ.

ಅತಿ ಹೆಚ್ಚು ಹೊತ್ತು ಹಿಡಿದದ್ದು ಸ್ಥಳೀಯ ಹೆಡರ್. ಅದರಲ್ಲಿ ಇದ್ದದ್ದು ನಾಲ್ಕಾರು ಫಂಕ್ಷನ್‌ಗಳ ಘೋಷಣೆ, ಡ್ರೈವರ್‌ನ ಖಾಸಗಿ ಸ್ಟ್ರಕ್ಟ್, ಅದರೊಳಗೆ ಚಿಪ್ಪಿನ ರಿಜಿಸ್ಟರ್‌ಗಳನ್ನು ಓದಿ ಬರೆಯುವ ರೆಗ್‌ಮ್ಯಾಪ್‌ಗೆ ಒಂದು ಪಾಯಿಂಟರ್ (ವಿಳಾಸ). ಆ ಒಂದು ಪಾಯಿಂಟರ್ ಸಲುವಾಗಿ ಇಡೀ ರೆಗ್‌ಮ್ಯಾಪ್.ಎಚ್ ಸೇರಿಕೊಂಡಿತ್ತು. ಪಾಯಿಂಟರ್ ಇಟ್ಟುಕೊಳ್ಳಲು ಸ್ಟ್ರಕ್ಟ್‌ನ ಒಡಲು ತಿಳಿದಿರಬೇಕಾಗಿಲ್ಲ, “ಸ್ಟ್ರಕ್ಟ್ ರೆಗ್‌ಮ್ಯಾಪ್;” ಎಂಬ ಒಂದು ಸಾಲಿನ ಫಾರ್ವರ್ಡ್ ಡಿಕ್ಲರೇಶನ್ (ಹೆಸರನ್ನಷ್ಟೇ ಹೇಳುವ ಘೋಷಣೆ) ಸಾಕು. ಐಐಒ.ಎಚ್‌ನ ಜಾಗದಲ್ಲಿಯೂ ಹಾಗೆಯೇ “ಸ್ಟ್ರಕ್ಟ್ ಐಐಒ_ಡೆವ್;” ಬಂತು. ರೆಗ್‌ಮ್ಯಾಪ್.ಎಚ್ ಹೊರಬಿದ್ದ ಕ್ಷಣಕ್ಕೆ ಬಫರ್ ಕಡತದಲ್ಲಿ ಅಲ್ಪ ವಿಳಂಬ ಕೊಡುವ ಯುಸ್ಲೀಪ್_ರೇಂಜ್() ಘೋಷಣೆ ಇಲ್ಲವೆಂದು ಕಂಪೈಲರ್ ಕೂಗಿಕೊಂಡಿತು. ರೆಗ್‌ಮ್ಯಾಪ್‌ಗೂ ವಿಳಂಬಕ್ಕೂ ಏನು ಸಂಬಂಧ ಎಂದು ನೋಡಿದರೆ, ಡಿಲೇ.ಎಚ್ ಇಷ್ಟು ದಿನ ಒಳಗೆ ಬರುತ್ತಿದ್ದದ್ದು ರೆಗ್‌ಮ್ಯಾಪ್.ಎಚ್‌ನ ಹೆಗಲೇರಿ. ಹೀಗಾಗಿ ನನ್ನ ಪ್ಯಾಚ್‌ಗಳ ಅನುಕ್ರಮ ತಾನಾಗಿ ತೀರ್ಮಾನವಾಯಿತು: ಮೊದಲು ಪ್ರತಿ .ಸಿ ಕಡತಕ್ಕೂ ತನಗೆ ಬೇಕಾದ ಹೆಡರ್‌ಗಳನ್ನು ಸೇರಿಸುವುದು, ನಂತರ ಸ್ಥಳೀಯ ಹೆಡರ್‌ನಿಂದ ಕಿತ್ತುಹಾಕುವುದು, ಅಕ್ಷರಾನುಕ್ರಮಕ್ಕೆ ಜೋಡಿಸುವುದನ್ನು ಬೇರೆಯಾಗಿ ಇಡುವುದು. ಓರಣ ಎಂದರೆ ತೆಗೆಯುವುದೆಂದು ಹೊರಟವನಿಗೆ ತೆಗೆದದ್ದಕ್ಕಿಂತ ಸೇರಿಸಿದ ಸಾಲುಗಳೇ ಜಾಸ್ತಿಯಾದವು. ಪ್ರತಿ ಪ್ಯಾಚ್ ಆದ ಮೇಲೂ ಕರ್ನೆಲ್ ಬಿಲ್ಡ್ ಆಗಲೇಬೇಕು, ಇಲ್ಲವಾದರೆ ದೋಷ ಯಾವ ಪ್ಯಾಚಿನಲ್ಲಿ ಹುಟ್ಟಿತೆಂದು ಮುಂದೆಂದೋ ಬೈಸೆಕ್ಟ್ ಮಾಡಿ ಹುಡುಕುವವರ ಶಾಪ ತಟ್ಟುತ್ತದೆ. ಗಿಟ್ ರೀಬೇಸ್‌ನ ಎಕ್ಸೆಕ್ ಆಯ್ಕೆಗೆ ಮೇಕ್ ಆದೇಶ ಕೊಟ್ಟುಬಿಟ್ಟರೆ ಅದೇ ಒಂದೊಂದು ಹಂತದಲ್ಲೂ ನಿಂತು ಪರೀಕ್ಷಿಸುತ್ತದೆ.

ಕಂಪೈಲ್ ಆಯಿತೆಂದರೆ ಮುಗಿಯಿತೇ ಎಂಬ ಪ್ರಶ್ನೆ ನನ್ನನ್ನು ಕಾಡಿತು. ಫಂಕ್ಷನ್ ಘೋಷಣೆ ಕಾಣದಿದ್ದರೆ ಕಂಪೈಲರ್ ದೋಷ ಕೊಟ್ಟು ನಿಲ್ಲುತ್ತದೆ, ಅದು ಸರಿ. ಆದರೆ “ಈ ಮ್ಯಾಕ್ರೋ ಇದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ” ಎಂಬ ಇಫ್‌ಡೆಫ್ ಇದ್ದು, ಆ ಮ್ಯಾಕ್ರೋವನ್ನು ತರುವ ಹೆಡರನ್ನೇ ನೀವು ತೆಗೆದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಕೋಡ್ ಸದ್ದಿಲ್ಲದೆ ಬೇರೆ ದಾರಿ ಹಿಡಿಯುತ್ತದೆ. ಕಾನ್‌ಫಿಗ್_ ಎಂದು ಆರಂಭವಾಗುವ ಮ್ಯಾಕ್ರೋಗಳನ್ನು (ಕರ್ನೆಲ್ ಆಯ್ಕೆಗಳ ಹೆಸರುಗಳನ್ನು) ಬಿಲ್ಡ್ ವ್ಯವಸ್ಥೆಯೇ ಎಲ್ಲ ಕಡತಗಳಿಗೂ ಒದಗಿಸುವುದರಿಂದ ಅವುಗಳ ಚಿಂತೆ ಇಲ್ಲ. ಉಳಿದವಕ್ಕೆ ಆ ಖಾತರಿ ಇಲ್ಲ. ಕರ್ನೆಲ್‌ನ ಸ್ಕ್ರಿಪ್ಟ್ಸ್ ಕೋಶದಲ್ಲಿರುವ ಆಬ್ಜ್‌ಡಿಫ್ ಇದಕ್ಕೆ ಮದ್ದು. ಪ್ಯಾಚ್‌ಗೆ ಮುಂಚಿನ ಮತ್ತು ನಂತರದ ಆಬ್ಜೆಕ್ಟ್ ಕಡತಗಳನ್ನು ಯಂತ್ರಾದೇಶಗಳ ಮಟ್ಟದಲ್ಲಿ ಹೋಲಿಸಿ ತೋರಿಸುತ್ತದೆ. ಡ್ರೈವರ್‌ನಲ್ಲಿ ವಾರ್ನ್() ಕರೆಗಳಿದ್ದರೆ ಸಾಲುಸಂಖ್ಯೆ ಬದಲಾದ ಕಾರಣಕ್ಕೇ ಅಲ್ಪಸ್ವಲ್ಪ ವ್ಯತ್ಯಾಸ ಕಾಣಬಹುದು, ಗಾಬರಿ ಬೇಡ. ನನ್ನ ಡ್ರೈವರ್‌ನಲ್ಲಿ ಅವು ಇರಲಿಲ್ಲ, ಹೆಡರ್ ಪ್ಯಾಚ್‌ಗಳ ಹೋಲಿಕೆಯಲ್ಲಿ ಒಂದು ಆದೇಶವೂ ಬದಲಾಗಿರಲಿಲ್ಲ. ಈ ವಾಕ್ಯವನ್ನು ಸರಣಿಯ ಮುನ್ನುಡಿಯಾದ ಕವರ್ ಲೆಟರ್‌ನಲ್ಲಿ ಬರೆದದ್ದು ರಿವ್ಯೂನಲ್ಲಿ ನನಗೆ ಸಿಕ್ಕ ದೊಡ್ಡ ಬಲ.

ಖರ್ಚಿನ ಮಾತು. ಬೇರೆ ಬಗೆಯ ಪ್ರೊಸೆಸರ್‌ಗಳಿಗೆ ಬಿಲ್ಡ್ ಮಾಡುವ ಕ್ರಾಸ್ ಕಂಪೈಲರ್‌ಗಳು ಕರ್ನೆಲ್.ಆರ್ಗ್‌ನಲ್ಲೇ ಸಿದ್ಧರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಎಲ್ಲವನ್ನೂ ಮಾಡ್ಯೂಲ್ ಆಗಿ ಕಟ್ಟುವ ಆಲ್‌ಮಾಡ್‌ಕಾನ್‌ಫಿಗ್ ಬಿಲ್ಡನ್ನು ಎಕ್ಸ್86, ಆರ್ಮ್64, ಆರ್ಮ್ ಎಂದು ಬೇರೆ ಬೇರೆ ಇಟ್ಟುಕೊಂಡರೆ ಹತ್ತಾರು ಜಿಬಿ ಜಾಗ ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಎಸ್.ಪಿ. ರಸ್ತೆಗೆ ಹೋಗಿ ಮೂರು ಸಾವಿರ ಚಿಲ್ಲರೆ ಕೊಟ್ಟು ಹೊರಗಿನ ಎಸ್‌ಎಸ್‌ಡಿ ತಂದೆ. ಡ್ರೈವರ್‌ನ ಕೋಶವೊಂದನ್ನೇ ಬಿಲ್ಡ್ ಮಾಡಿದರೆ ನಿಮಿಷಗಳಲ್ಲಿ ಮುಗಿಯುತ್ತದೆ, ಅದು ಸಾಕಾಗುತ್ತಿತ್ತು ಎಂದು ಈಗ ಅನಿಸುತ್ತದೆ. ಒಂದೇ ಡ್ರೈವರ್ ಮುಟ್ಟುವವರು ಈ ಖರ್ಚಿಗೆ ಬೀಳಬೇಕಾಗಿಲ್ಲ.

ಕಳಿಸುವ ಹೊತ್ತಿಗೆ ಮೇಲ್ ಕೈಕೊಟ್ಟಿತು. ಪ್ಯಾಚ್‌ಗಳು ಸರಳ ಪಠ್ಯದ ಮೇಲ್ ಆಗಿ ಹೋಗಬೇಕು, ಟ್ಯಾಬ್‌ಗಳು ಟ್ಯಾಬ್‌ಗಳಾಗಿಯೇ ಉಳಿಯಬೇಕು. ಕಚೇರಿಯ ಮೇಲ್ ಸರ್ವರ್ ಕೆಳಗೆ “ಈ ಮೇಲ್ ಗೌಪ್ಯ” ಎಂಬ ಅಡಿಬರಹ ಅಂಟಿಸುತ್ತದೆ; ಎಲ್ಲರಿಗೂ ಕಾಣುವ ಪ್ಯಾಚಿನ ಕೆಳಗೆ ಅಂಥ ಒಕ್ಕಣೆ ಇದ್ದರೆ ವಿಭಾಗದ ಹೊಣೆ ಹೊತ್ತ ಮೇಂಟೇನರ್‌ಗಳು ಅದನ್ನು ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ಬಿ4 ಎಂಬ ಉಪಕರಣ ನನ್ನನ್ನು ಪಾರುಮಾಡಿತು. ಒಮ್ಮೆ ಕೀಲಿಯನ್ನು ನೋಂದಾಯಿಸಿಕೊಂಡರೆ ಕಚೇರಿಯ ಸರ್ವರ್ ಗೊಡವೆಯೇ ಇಲ್ಲದೆ ಕರ್ನೆಲ್.ಆರ್ಗ್ ನಡೆಸುವ ವೆಬ್ ದಾರಿಯಿಂದ ಸರಣಿಯನ್ನು ಕಳಿಸುತ್ತದೆ. ಕಳಿಸುವ ಮುನ್ನ ನನ್ನ ವಿಳಾಸಕ್ಕೇ ಒಂದು ಪ್ರತಿ ಹಾಕಿಸಿಕೊಂಡು, ಅದನ್ನು ಇಳಿಸಿ ಗಿಟ್‌ನಲ್ಲಿ ಅನ್ವಯಿಸಿ ನೋಡಿದೆ. ಕೋಡಿನ ಶೈಲಿ ಪರೀಕ್ಷಿಸುವ ಚೆಕ್‌ಪ್ಯಾಚ್ ಓಡಿಸುವುದನ್ನು ಯಾರೂ ಮರೆಯುವುದಿಲ್ಲ, ಈ ಸ್ವಪರೀಕ್ಷೆಯನ್ನು ಮರೆಯುತ್ತಾರೆ.

ರಿವ್ಯೂ ಬೇಗ ಬಂತು, ಮೃದುವಾಗಿಯೂ ಇತ್ತು. ಐಐಒಗೆ ಸೇರಿದ ಹೆಡರ್‌ಗಳನ್ನು ಖಾಲಿ ಸಾಲು ಬಿಟ್ಟು ಬೇರೆ ಗುಂಪಾಗಿ ಇಡಿ, ಕಮಿಟ್ ಸಂದೇಶದಲ್ಲಿ ಏನು ಮಾಡಿದಿರಿ ಎನ್ನುವುದಕ್ಕಿಂತ ಏಕೆ ಎನ್ನುವುದನ್ನು ಹೇಳಿ ಎಂದರು. ತಿದ್ದಿ ಕಳಿಸಿದ ಆವೃತ್ತಿಗೆ, ಪರಿಶೀಲಿಸಿ ಒಪ್ಪಿದ್ದೇನೆ ಎಂಬ ರಿವ್ಯೂಡ್-ಬೈ ಸಾಲು ಕೂಡ ಸಿಕ್ಕಿತು. ಮುಗಿಯಿತು ಎಂದು ನಿರಾಳವಾಗಿದ್ದಾಗಲೇ ಒಂದು ಬೆಳಗ್ಗೆ ಇಂಟೆಲ್‌ನ ಕರ್ನೆಲ್ ಟೆಸ್ಟ್ ರೋಬಾಟ್‌ನಿಂದ ಮೇಲ್ ಬಂದಿತ್ತು: ಯಾದೃಚ್ಛಿಕ ಕಾನ್‌ಫಿಗರೇಶನ್ ಒಂದರಲ್ಲಿ ಐ2ಸಿ ಕಡತ ಬಿಲ್ಡ್ ಆಗುತ್ತಿಲ್ಲ, ಅಪೂರ್ಣ ಸ್ಟ್ರಕ್ಟ್‌ನ ಒಳಗನ್ನು ಮುಟ್ಟಲಾಗಿದೆ. ಅಂಥ ಮೇಲ್ ಉದ್ದವಾಗಿರುತ್ತದೆ, ಹಳೆಯ ಎಚ್ಚರಿಕೆಗಳೂ ಅದರಲ್ಲಿ ಇರುತ್ತವೆ. ಎರಡು ಬಾಣದ (>>) ಗುರುತುಗಳಿಂದ ಆರಂಭವಾಗುವ ಸಾಲುಗಳನ್ನು ಮಾತ್ರ ಹುಡುಕಿ, ಹೊಸದಾಗಿ ಹುಟ್ಟಿದ ದೋಷಗಳು ಅವೇ.

ಕಾರಣ ಸ್ಥಳೀಯ ಹೆಡರ್‌ನ ಕೆಳಭಾಗದಲ್ಲಿತ್ತು. ಬಫರ್ ಆಯ್ಕೆ ಆಫ್ ಆಗಿದ್ದರೆ ಬಫರ್ ಕಡತದ ಫಂಕ್ಷನ್‌ಗಳ ಬದಲು ಅಲ್ಲಿ ಪುಟ್ಟ ಇನ್‌ಲೈನ್ ಸ್ಟಬ್‌ಗಳು (ಹೆಸರಿಗಷ್ಟೇ ಇರುವ ಫಂಕ್ಷನ್‌ಗಳು) ಬರುತ್ತವೆ. ಅವುಗಳಲ್ಲಿ ಒಂದು ಸ್ಟಬ್, ಬಫರ್ ಇಲ್ಲವೆಂದು ಲಾಗ್‌ನಲ್ಲಿ ಬರೆಯಲು ಐಐಒ_ಡೆವ್‌ನ ಒಳಗಿನ ಡಿವೈಸನ್ನು ಮುಟ್ಟುತ್ತಿತ್ತು. ಪಾಯಿಂಟರ್ ಹಿಡಿದುಕೊಳ್ಳಲು ಫಾರ್ವರ್ಡ್ ಡಿಕ್ಲರೇಶನ್ ಸಾಕು, ಒಳಗೆ ಕೈ ಹಾಕಲು ಪೂರ್ತಿ ವ್ಯಾಖ್ಯಾನ ಬೇಕು. ಕೋರ್ ಕಡತ ಐಐಒ.ಎಚ್ ಅನ್ನು ಮೊದಲೇ ಸೇರಿಸಿಕೊಂಡಿದ್ದರಿಂದ ಅಲ್ಲಿ ತೊಂದರೆ ಇರಲಿಲ್ಲ. ಐ2ಸಿ ಕಡತಕ್ಕೆ ಅದರ ಅಗತ್ಯವೇ ಇಲ್ಲದ್ದರಿಂದ ಅದು ಸೇರಿಸಿಕೊಂಡಿರಲಿಲ್ಲ, ಸ್ಟಬ್ಬನ್ನು ಕರೆಯದಿದ್ದರೂ ಕಂಪೈಲರ್ ಅದರ ಒಡಲನ್ನು ಓದಿಯೇ ಓದುತ್ತದೆ. ಆಲ್‌ಮಾಡ್‌ಕಾನ್‌ಫಿಗ್‌ನಲ್ಲಿ ಎಲ್ಲವೂ ಆನ್. ನಮ್ಮ ಬೋರ್ಡಿನ ಕಾನ್‌ಫಿಗರೇಶನ್ನಿನಲ್ಲಿಯೂ ಬಫರ್ ಆನ್. ಯಾವ ಆರ್ಕಿಟೆಕ್ಚರ್‌ನಲ್ಲಿ ಎಷ್ಟು ಸಲ ಬಿಲ್ಡ್ ಮಾಡಿದ್ದರೂ ಆ “ಇಲ್ಲದಿದ್ದರೆ” ಕವಲು ಕಂಪೈಲರ್ ಕಣ್ಣಿಗೆ ಬೀಳುತ್ತಿರಲಿಲ್ಲ. ಆದ್ದರಿಂದ ಹಿಂದೆ ಬರುವವರಿಗೆ ನನ್ನ ಒತ್ತಾಯದ ಮಾತು ಇದೊಂದೇ: ನಿಮ್ಮ ಕಡತಗಳಲ್ಲಿ ಬರುವ ಪ್ರತಿ ಕಾನ್‌ಫಿಗ್_ ಹೆಸರನ್ನೂ ಗ್ರೆಪ್ ಆದೇಶದಿಂದ ಹುಡುಕಿ ಬರೆದಿಟ್ಟುಕೊಳ್ಳಿ, ಪ್ರತಿಯೊಂದನ್ನೂ ಆನ್ ಮಾಡಿಯೂ ಆಫ್ ಮಾಡಿಯೂ ಬಿಲ್ಡ್ ಮಾಡಿ. ಅದಕ್ಕೆ ಹೊಸ ಎಸ್‌ಎಸ್‌ಡಿ ಬೇಕಾಗುವುದಿಲ್ಲ.

ಐಐಒ.ಎಚ್ ಅನ್ನು ಸ್ಥಳೀಯ ಹೆಡರ್‌ಗೆ ಮರಳಿಸುವುದು ಸುಲಭದ ದಾರಿಯಾಗಿತ್ತು. ಅದರ ಬದಲು ಸ್ಟಬ್‌ನಿಂದ ಲಾಗ್ ಸಾಲನ್ನು ತೆಗೆದು ಬರೀ ಸೊನ್ನೆ ಹಿಂದಿರುಗಿಸುವಂತೆ ಒಂದು ಪ್ಯಾಚನ್ನು ಸರಣಿಯ ಮುಂದೆ ಸೇರಿಸಿದೆ. ಬಫರ್ ಬೇಡವೆಂದು ಆಯ್ಕೆ ಮಾಡಿದವರಿಗೆ ಬಫರ್ ಇಲ್ಲವೆಂದು ಪ್ರತಿ ಬೂಟಿನಲ್ಲೂ ಹೇಳುವುದರಲ್ಲಿ ಅರ್ಥವಿರಲಿಲ್ಲ. ಸ್ಥಳೀಯ ಹೆಡರ್‌ನ ಪ್ಯಾಚ್ ಬದಲಾದ್ದರಿಂದ ಅದರ ರಿವ್ಯೂಡ್-ಬೈ ಸಾಲನ್ನು ಕೈಬಿಟ್ಟು, ಏಕೆ ಕೈಬಿಟ್ಟೆನೆಂದು ಬದಲಾವಣೆಗಳ ಪಟ್ಟಿಯಲ್ಲಿ ಬರೆದೆ. ಹಾಗೆ ಹೇಳದೆ ಹಳೆಯ ಸಾಲನ್ನು ಉಳಿಸಿಕೊಂಡರೆ ಸರಿ ಕಾಣುವುದಿಲ್ಲ.

ಅಷ್ಟರಲ್ಲಿ -ಆರ್‌ಸಿ7, ಅಂದರೆ ಬಿಡುಗಡೆಗೆ ಮುಂಚಿನ ಏಳನೇ ಪರೀಕ್ಷಾ ಆವೃತ್ತಿ, ಬಂದಿತ್ತು. ಆ ಹೊತ್ತಿಗೆ ಮೇಂಟೇನರ್‌ಗಳು ಹೊಸದನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿರುತ್ತಾರೆ, ನಂತರ ಹೊಸ ಕೋಡ್ ಮುಖ್ಯ ಕರ್ನೆಲ್‌ಗೆ ಸೇರುವ ಎರಡು ವಾರಗಳ ಮರ್ಜ್ ವಿಂಡೋ, ಮುಂದಿನ -ಆರ್‌ಸಿ1 ಬರುವವರೆಗೆ ಎಲ್ಲವೂ ಸ್ತಬ್ಧ. ಈ ಮೌನವನ್ನು ತಿರಸ್ಕಾರವೆಂದು ತಿಳಿದು ದಿನ ಬಿಟ್ಟು ದಿನ ನೆನಪೋಲೆ ಕಳಿಸುವವರಿದ್ದಾರೆ. ನನಗೂ ಕೈ ತುರಿಸಿತು, ತಡೆದುಕೊಂಡೆ. ಎರಡು ವಾರಗಳಿಗೂ ಉತ್ತರ ಬಾರದಿದ್ದರೆ ನಯವಾಗಿ ಕೇಳಬಹುದು, ಆದರೆ ಮರ್ಜ್ ವಿಂಡೋದ ದಿನಗಳನ್ನು ಆ ಲೆಕ್ಕಕ್ಕೆ ಹಿಡಿಯಬಾರದು. -ಆರ್‌ಸಿ1 ಆದ ಕೆಲವೇ ದಿನಗಳಲ್ಲಿ ಸರಣಿಯನ್ನು ತೆಗೆದುಕೊಂಡಿದ್ದೇನೆ ಎಂಬ ಎರಡು ಸಾಲಿನ ಉತ್ತರ ಬಂತು, ಅದರ ಬೆನ್ನಿಗೇ ಮುಂದಿನ ಬಿಡುಗಡೆಯ ಕೋಡನ್ನು ಕೂಡಿಡುವ ಲಿನಕ್ಸ್-ನೆಕ್ಸ್ಟ್‌ನಲ್ಲಿ ನನ್ನ ಕಮಿಟ್‌ಗಳು ಕಂಡವು.

ಕಂಪನಿಯ ಉತ್ಪನ್ನ ಓಡುವುದು ಕರ್ನೆಲ್‌ನ 5.15 ಆವೃತ್ತಿಯ ಮೇಲೆ, ಆದ್ದರಿಂದ ಇದೇ ಪ್ಯಾಚ್‌ಗಳನ್ನು ಅಲ್ಲಿಗೆ ಇಳಿಸಬೇಕೇ ಎಂಬ ಪ್ರಶ್ನೆ ಬಂತು. ಇಳಿಸಲಿಲ್ಲ. ಕಂಟೇನರ್_ಆಫ್.ಎಚ್ ಹುಟ್ಟಿದ್ದು 5.16ರಲ್ಲಿ, ಅರೇ_ಸೈಜ್.ಎಚ್ ಇನ್ನೂ ಆಮೇಲೆ, 5.15ರಲ್ಲಿ ಆ ಮ್ಯಾಕ್ರೋಗಳೆರಡೂ ಕರ್ನೆಲ್.ಎಚ್‌ನ ಒಳಗೇ ಇವೆ. ಅಲ್ಲಿ ಹಳೆಯ ಪಟ್ಟಿಯನ್ನು ಹಾಗೆಯೇ ಬಿಟ್ಟು, ಹೊಸ ಚಿಪ್ಪಿನ ಪ್ಯಾಚ್ ಒಂದನ್ನೇ ಕೈಯಿಂದ ಹೊಂದಿಸಿ ಹಾಕಿದ್ದೇವೆ. ಮುಖ್ಯ ಕರ್ನೆಲ್‌ಗಾಗಿ ಕೊಟ್ಟ ಆ ಚಿಪ್ಪಿನ ಪ್ಯಾಚ್ ಈಗ ಮತ್ತೆ ರಿವ್ಯೂನಲ್ಲಿದೆ, ಈ ಸಲದ ಆಕ್ಷೇಪ ತಾಪಮಾನದ ತಿದ್ದುಪಡಿ ಸೂತ್ರದ ಬಗ್ಗೆ.